ನೀರು, ಕರೆಂಟ್, ಗ್ಯಾಸ್ ಒಟ್ಟಿಗೇ ಹೋದರೆ ಮನೆಯಲ್ಲಿ ಏನೇನು ಇರಬೇಕು? ಹುಬ್ಬಳ್ಳಿ-ಧಾರವಾಡದವರು ಹೇಳಿ

ಎರಡನೇ ಮಹಡಿ, ವಿದ್ಯಾನಗರ

ಎಲ್ಲರಿಗೂ ನಮಸ್ಕಾರ. ನಾವು ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಎರಡು ಕೋಣೆ, ಒಂದು ಸಣ್ಣ ಅಡುಗೆಮನೆ. ಅತ್ತೆ, ಮಾವ, ಇಬ್ಬರು ಮಕ್ಕಳು, ನಾವಿಬ್ಬರು. ಮಾವನಿಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ತಗೋತಾರೆ.

ಹೋದ ಮಳೆಗಾಲದಲ್ಲಿ ಎಲ್ಲಾ ಒಟ್ಟಿಗೇ ಕೈಕೊಟ್ಟಿತು. ಮೊದಲು ಗಾಳಿಮಳೆಗೆ ಕರೆಂಟ್ ಹೋಯಿತು. ನಲ್ಲಿ ಬಿಡುವ ದಿನ ನೀರು ಬರಲಿಲ್ಲ. ಪೈಪ್ ಒಡೆದಿದೆ ಅಂದರು, ನಾಳೆ ಬರುತ್ತೆ ಅಂದರು, ಮತ್ತೆ ನಾಳೆ ಅಂದರು. ಬುಕ್ ಮಾಡಿದ್ದ ಸಿಲಿಂಡರ್ ಬರಲಿಲ್ಲ. ಅಷ್ಟರಲ್ಲಿ ಬಂದ್ ಬೇರೆ, ಅಂಗಡಿಗಳ ಶಟರ್ ಅರ್ಧ ಇಳಿದಿತ್ತು. ಟ್ಯಾಂಕರ್ ತರಿಸಿದರೆ ಅವರು ಕೆಳಗಿನ ಸಂಪಿಗೆ ನೀರು ಬಿಟ್ಟು ಹೋದರು, ಮೋಟಾರ್ ಹಾಕೋಣ ಅಂದರೆ ಕರೆಂಟ್ ಇಲ್ಲ, ಮೊಬೈಲ್ ಸತ್ತುಹೋಗಿದ್ದರಿಂದ ಟ್ಯಾಂಕರ್‌ನವರಿಗೆ ಕೊಡೋ ದುಡ್ಡನ್ನೂ ಪಕ್ಕದ ಮನೆಯವರ ಹತ್ತಿರ ಇಸ್ಕೊಂಡು ಕೊಟ್ಟೆವು. ಕೊಡದಲ್ಲಿ ಮೆಟ್ಟಿಲು ಹತ್ತಿಸಿ ನೀರು ಹೊತ್ತೆವು.

ಊಟಕ್ಕೆ ಹೇಗೋ ನಡೆಯಿತು. ನನಗೆ ನಿಜವಾಗಿ ಭಯ ಆಗಿದ್ದು ಫ್ರಿಜ್‌ನಲ್ಲಿದ್ದ ಇನ್ಸುಲಿನ್ ನೋಡಿ.

ಈಗ ಮತ್ತೆ ಮಳೆಗಾಲ ಬರುತ್ತಿದೆ. ಏನೇನು ಇಟ್ಟುಕೊಳ್ಳಬೇಕು, ಎಷ್ಟು ಇಟ್ಟುಕೊಳ್ಳಬೇಕು? ಮನೆಯಲ್ಲಿ ಜಾಗ ಇಲ್ಲ, ತುಂಬಾ ದುಡ್ಡೂ ಇಲ್ಲ. ಸುಮ್ನೆ ಮೂಟೆಗಟ್ಟಲೆ ತಂದಿಡೋಕೆ ಮನಸ್ಸೂ ಇಲ್ಲ. ಇಂಥದ್ದನ್ನು ಕಂಡವರು ಹೇಳಿ ದಯವಿಟ್ಟು.

ಉಣಕಲ್ ಕೆರೆ ದಂಡೆ

ನೀರಿನದ್ದು ನಾನು ಹೇಳುತ್ತೇನೆ. ಈ ಊರಲ್ಲಿ ಹುಟ್ಟಿ ಬೆಳೆದವರಿಗೆ ಅದೇ ಮೊದಲ ಚಿಂತೆ.

ಮೊದಲು ನಮ್ಮ ನೀರು ಎಲ್ಲಿಂದ ಬರುತ್ತೆ ಅಂತ ತಿಳ್ಕೊಳ್ಳಿ, ಆಗ ಯಾಕೆ ನಿಲ್ಲುತ್ತೆ ಅನ್ನೋದೂ ಗೊತ್ತಾಗುತ್ತೆ. ಒಂದು ಮಲಪ್ರಭಾ. ಸವದತ್ತಿ ಹತ್ತಿರದ ನವಿಲುತೀರ್ಥ ಅಣೆಕಟ್ಟಿನ ಜಲಾಶಯದಿಂದ ನೀರು ಎತ್ತಿ, ಅಮ್ಮಿನಭಾವಿಯಲ್ಲಿ ಶುದ್ಧ ಮಾಡಿ ಕಳಿಸುತ್ತಾರೆ. ಇನ್ನೊಂದು ಕಲಘಟಗಿ ಕಡೆಯ ನೀರಸಾಗರ. ಅದು ಬರೀ ಮಳೆ ನಂಬಿದ ಕೆರೆ, 2016-17ರ ಬರಗಾಲದಲ್ಲಿ ಬತ್ತಿಯೇ ಹೋಗಿತ್ತು. ಹಾಗಾಗಿ ಭಾರವೆಲ್ಲಾ ಮಲಪ್ರಭಾ ಮೇಲೆ. ಅಲ್ಲಿಂದ ಇಲ್ಲಿಗೆ ಎಷ್ಟು ದೂರ ನೋಡಿ. ದಾರಿಯಲ್ಲಿ ಎಲ್ಲಾದರೂ ದೊಡ್ಡ ಪೈಪ್ ಒಡೆಯಲಿ, ಇಲ್ಲಾ ಪಂಪ್ ಮಾಡುವ ಜಾಗದಲ್ಲಿ ಕರೆಂಟ್ ಹೋಗಲಿ, ಇಲ್ಲಿ ನಿಮ್ಮ ಓಣಿಯ ಸರದಿ ತಪ್ಪುತ್ತದೆ. ಒಂದು ಸರದಿ ತಪ್ಪಿತು ಅಂದರೆ ಮುಂದಿನದ್ದಕ್ಕೆ ಎಷ್ಟೋ ದಿನ. ನಿಮಗೆ ಕರೆಂಟ್ ಮತ್ತು ನೀರು ಒಟ್ಟಿಗೇ ಹೋಗಿದ್ದು ಆಕಸ್ಮಿಕ ಅನ್ನಿಸಿರಬಹುದು. ಒಂದೇ ಗಾಳಿಮಳೆಗೆ ಎರಡೂ ಹೋಗೋದು ನಮ್ಮಲ್ಲಿ ಮಾಮೂಲಿ. 24 ಗಂಟೆ ನೀರು ಅಂತ 2008ರ ಸುಮಾರಿಗೆ ಕೆಲವು ವಾರ್ಡ್‌ಗಳಲ್ಲಿ ಶುರು ಮಾಡಿದರು. ಅದು ಇರುವವರು ಕೂಡ ನಲ್ಲಿ ನಂಬಿ ಖಾಲಿ ಡ್ರಮ್ ಇಟ್ಟುಕೊಂಡು ಕೂರಬೇಡಿ.

ಈಗ ಎಷ್ಟು ಇಡಬೇಕು ಅನ್ನೋದು. ಕುಡಿಯೋಕೆ, ಅಡುಗೆಗೆ ಅಂತ ಒಬ್ಬರಿಗೆ ದಿನಕ್ಕೆ ನಾಲ್ಕೈದು ಲೀಟರ್ ಹಿಡಿಯಿರಿ. ನೀವು ಆರು ಜನ, ಅಂದರೆ ದಿನಕ್ಕೆ 30 ಲೀಟರ್. 20 ಲೀಟರಿನ ಮುಚ್ಚಳದ ಕ್ಯಾನ್ ಐದಾರು ಇದ್ದರೆ ಮೂರ್ನಾಲ್ಕು ದಿನಕ್ಕೆ ಧಕ್ಕೆ ಇಲ್ಲ. ಮಂಚದ ಕೆಳಗೆ ಹಿಡಿಯುತ್ತೆ. ಬಳಸುವ ನೀರಿನ ಡ್ರಮ್ ಬೇರೆ, ಕುಡಿಯುವ ನೀರು ಬೇರೆ. ಕುಡಿಯುವ ಕ್ಯಾನಿಗೆ ಯಾರೂ ಲೋಟ ಅದ್ದಬಾರದು, ನಲ್ಲಿ ಇರೋ ಕ್ಯಾನ್ ತಗೊಳ್ಳಿ. ಬಳಸುವ ನೀರನ್ನು ತಿರುಗಿ ಬಳಸಿ. ಅಕ್ಕಿ ತೊಳೆದಿದ್ದು ಪಾತ್ರೆಗೆ, ಬಟ್ಟೆ ಜಾಲಿಸಿದ್ದು ಸಂಡಾಸಿಗೆ. ನಮ್ಮ ಅವ್ವಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು, ಇದನ್ನು ದಯವಿಟ್ಟು ಹಗುರ ಮಾಡಬೇಡಿ. ನೀರು ತುಂಬಿಟ್ಟ ಮನೆಯಲ್ಲೇ ಡೆಂಗಿ ಬರೋದು. ಆ ಸೊಳ್ಳೆ ಒಳ್ಳೆಯ ನೀರಿನಲ್ಲೇ ಬೆಳೆಯುತ್ತೆ. ಮೊಟ್ಟೆಯಿಂದ ಸೊಳ್ಳೆ ಆಗೋಕೆ ಒಂದು ವಾರದಿಂದ ಹತ್ತು ದಿನ ಸಾಕು. ನಮಗೆ ನೀರು ಬಿಡುವ ಅಂತರವೂ ಹೆಚ್ಚು ಕಡಿಮೆ ಅಷ್ಟೇ ಅಲ್ವಾ? ಸೊಳ್ಳೆ ಮೊಟ್ಟೆ ಇಡುವುದು ಡ್ರಮ್ಮಿನ ಒಳಗೋಡೆಗೆ, ನೀರಿನ ಮಟ್ಟಕ್ಕಿಂತ ಒಂಚೂರು ಮೇಲೆ. ಕಪ್ಪಗೆ, ಸಾಸಿವೆಗಿಂತಲೂ ಸಣ್ಣಗೆ ಇರುತ್ತವೆ, ಕಣ್ಣಿಗೆ ಬೀಳಲ್ಲ. ನೀರು ಚೆಲ್ಲಿ ಒಣಗಿಸಿದರೂ ಅವು ತಿಂಗಳುಗಟ್ಟಲೆ ಅಲ್ಲೇ ಅಂಟಿಕೊಂಡು ಬದುಕುತ್ತವೆ. ಆದ್ದರಿಂದ ಪ್ರತಿ ಸಲ ತುಂಬುವ ಮುಂಚೆ ತೆಂಗಿನ ನಾರಿನಿಂದ ಒಳಗೋಡೆ ಗಸಗಸ ತಿಕ್ಕಿ. ತುಂಬಿದ ಮೇಲೆ ಹಳೆ ಧೋತರದ ಬಟ್ಟೆ ಹಾಸಿ ಸುತ್ತಲೂ ದಾರ ಬಿಗಿಯಿರಿ. ಬರೀ ಮುಚ್ಚಳ ಸಾಲದು, ಸಂದಿ ಇದ್ದೇ ಇರುತ್ತೆ.

ಸಂಪಿನಿಂದ ಮೇಲೆತ್ತೋಕೆ ಕರೆಂಟ್ ಇಲ್ಲದಾಗ ಹಗ್ಗ, ಬಕೆಟ್ ಬೇಕು. ಗಟ್ಟಿ ಹಗ್ಗ ಒಂದು ತಂದಿಡಿ. ಸಂಪಿನ ಮುಚ್ಚಳ ತೆಗೆದಾಗ ಮಕ್ಕಳನ್ನು ಹತ್ತಿರ ಬಿಡಬೇಡಿ.

ಬೆಟಗೇರಿಯಿಂದ

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಗದಗ-ಬೆಟಗೇರಿಯಲ್ಲಿ ನಮಗೆ ತುಂಗಭದ್ರಾ ನೀರು. ಅದು ತಡವಾದಾಗ ಟ್ಯಾಂಕರ್, ಟ್ಯಾಂಕರ್ ಅಂದರೆ ಬೋರ್ ನೀರು. ನಮ್ಮ ಜಿಲ್ಲೆಯ ಎಷ್ಟೋ ಬೋರ್‌ಗಳಲ್ಲಿ, ಮುಂಡರಗಿ ಕಡೆ ಇನ್ನೂ ಜಾಸ್ತಿ, ಫ್ಲೋರೈಡ್ ಇದೆ. ಕುದಿಸಿದರೆ ಕ್ರಿಮಿ ಸಾಯುತ್ತೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾದಷ್ಟೂ ಉಳಿದಿದ್ದರಲ್ಲಿ ಅದು ಗಟ್ಟಿಯಾಗುತ್ತೆ ಅಷ್ಟೇ. ಹಾಗಾಗಿ ಬೋರ್ ನೀರನ್ನು ಬಳಸೋಕೆ ಇಟ್ಕೊಳ್ಳಿ, ಕುಡಿಯೋಕೆ ನದಿ ನೀರು ಇಲ್ಲಾ ಶುದ್ಧ ಘಟಕದ ನೀರನ್ನೇ ಮೊದಲೇ ಹಿಡಿದಿಡಿ.

ರಾಡಿ ನೀರೇ ಗತಿ ಅಂತಾದರೆ, ಪಟಕ ಆಡಿಸಿ ತಿಳಿಯಾಗೋಕೆ ಬಿಡಿ, ಬಟ್ಟೆ ನಾಲ್ಕು ಮಡಿಕೆ ಮಾಡಿ ಸೋಸಿ, ಆಮೇಲೆ ಕುದಿಸಿ. ಗುಳ್ಳೆ ಎದ್ದು ಕೊತಕೊತ ಅಂತ ಒಂದು ನಿಮಿಷ ಕುದ್ದರೆ ಸಾಕು. ಗ್ಯಾಸ್ ಉಳಿಸಬೇಕಾದ ಹೊತ್ತಿನಲ್ಲಿ ಅರ್ಧ ತಾಸು ಕುದಿಸೋರನ್ನು ನೋಡಿದ್ದೇನೆ, ಅದು ಬೇಡ.

ಔಷಧಿ ಅಂಗಡಿ, ಧಾರವಾಡ

ನಿಮ್ಮ ಪ್ರಶ್ನೆಯಲ್ಲಿ ನಿಜವಾದ ಅಪಾಯ ಇರೋದು ಇನ್ಸುಲಿನ್ ವಿಷಯದಲ್ಲೇ. ಜೋಳ, ಅಕ್ಕಿ ಇಲ್ಲ ಅಂದರೆ ನೆರೆಯವರು ಒಂದು ಸೇರು ಕೊಡುತ್ತಾರೆ. ಇನ್ಸುಲಿನ್ ಯಾರು ಕೊಡುತ್ತಾರೆ? 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಔಷಧಿ ಅಂಗಡಿ ತೆರೆದೇ ಇದ್ದವು. ಆದರೆ ಹಳ್ಳಿಯಿಂದ ಬರೋಕೆ ಬಸ್ಸೇ ಇರಲಿಲ್ಲ. ಕಲಘಟಗಿ, ಅಳ್ನಾವರ ಕಡೆಯಿಂದ ಬಿಪಿ ಮಾತ್ರೆಗೆ, ಥೈರಾಯ್ಡ್ ಮಾತ್ರೆಗೆ ಅಂತ ಹಾಲಿನ ಗಾಡಿಯವರ ಕೈಯಲ್ಲಿ ಚೀಟಿ ಕೊಟ್ಟು ಕಳಿಸೋರು. ಚೀಟಿಯಲ್ಲಿ ‘ಬಿಳಿ ಸಣ್ಣ ಗುಳಿಗೆ’ ಅಂತ ಬರೆದಿರೋದು. ಬಿಳಿ ಸಣ್ಣ ಗುಳಿಗೆ ಅಂಗಡಿಯಲ್ಲಿ ಎಷ್ಟಿರುತ್ತವೆ ಯೋಚಿಸಿ. ಆ ಮುದುಕರಿಗೆ ಏನು ಕೊಡಬೇಕು ಅಂತ ಗೊತ್ತಾಗದೆ ಫೋನ್ ಮೇಲೆ ಫೋನ್ ಮಾಡುತ್ತಿದ್ದೆವು.

ಅದಕ್ಕೇ ಮೊದಲ ಕೆಲಸ ಇವತ್ತೇ ಮಾಡಿ. ಮಾವನ ಔಷಧಿ ಹೆಸರು, ಎಷ್ಟು ಯೂನಿಟ್, ಯಾವ ಹೊತ್ತಿಗೆ, ಡಾಕ್ಟರ್ ನಂಬರ್, ಎಲ್ಲಾ ಒಂದು ಹಾಳೆಯಲ್ಲಿ ಕೈಯಲ್ಲೇ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಮೊಬೈಲ್‌ನಲ್ಲಿ ಫೋಟೋ ಇದೆ ಅಂತ ಸುಮ್ಮನಿರಬೇಡಿ, ಮೊಬೈಲ್ ಸತ್ತರೆ ಫೋಟೋನೂ ಇಲ್ಲ.

ಎರಡನೆಯದು, ದಿನಾ ತಗೊಳ್ಳುವ ಔಷಧಿ ಯಾವಾಗಲೂ ಎರಡು ವಾರದಷ್ಟು ಮುಂಚಿತವಾಗಿ ಇರಲಿ. ಹೊಸದು ತಂದಾಗ ಹಳೆಯದನ್ನು ಮೊದಲು ಖಾಲಿ ಮಾಡಿ. ಅದಕ್ಕಿಂತ ಜಾಸ್ತಿ ಬೇಡ. ಅವಧಿ ಮುಗಿಯುತ್ತೆ, ಇನ್ನೊಬ್ಬರಿಗೂ ಸಿಗಲ್ಲ. ದುಡ್ಡಿನ ತೊಂದರೆ ಇದ್ದರೆ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ, ಬಿಪಿ, ಸಕ್ಕರೆ ಮಾತ್ರೆಗಳು ಅಲ್ಲಿ ಬಹಳ ಕಡಿಮೆಗೆ ಸಿಗುತ್ತವೆ.

ಈಗ ಇನ್ಸುಲಿನ್. ಇನ್ನೂ ತೆರೆಯದ ಬಾಟ್ಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಆದರೆ ಬಳಸೋಕೆ ಶುರು ಮಾಡಿದ ಬಾಟ್ಲಿ ಫ್ರಿಜ್ ಹೊರಗೂ ಕೆಡದೆ ಇರುತ್ತೆ. ಹೆಚ್ಚಿನ ಇನ್ಸುಲಿನ್‌ಗಳಿಗೆ ಸುಮಾರು ನಾಲ್ಕು ವಾರ, ಬಿಸಿಲು ತಾಗದ, 25-30 ಡಿಗ್ರಿ ದಾಟದ ಜಾಗದಲ್ಲಿ. ನಿಮ್ಮ ಬ್ರ್ಯಾಂಡ್‌ಗೆ ಎಷ್ಟು ಅಂತ ಡಬ್ಬಿಯ ಒಳಗಿನ ಕಾಗದದಲ್ಲಿ ಬರೆದಿರುತ್ತಾರೆ, ಓದಿ. ಕರೆಂಟ್ ಹೋಯಿತು ಅಂತ ಗಾಬರಿಯಾಗಿ ಬಾಟ್ಲಿಯನ್ನು ಬರ್ಫದ ಮೇಲೆ ಇಡೋರಿದ್ದಾರೆ. ಒಮ್ಮೆ ಹೆಪ್ಪುಗಟ್ಟಿದರೆ ಅದು ಕೆಟ್ಟ ಹಾಗೆಯೇ, ಕರಗಿದ ಮೇಲೂ ಬಳಸಬಾರದು. ಫ್ರಿಜ್ ಬಾಗಿಲು ಪದೇ ಪದೇ ತೆಗೆಯಬೇಡಿ, ಮುಚ್ಚಿಟ್ಟರೆ ನಾಲ್ಕು ತಾಸಿನವರೆಗೆ ತಣ್ಣಗೇ ಇರುತ್ತೆ. ಅದಕ್ಕಿಂತ ಜಾಸ್ತಿ ಹೊತ್ತಾಗುತ್ತೆ ಅನ್ನಿಸಿದರೆ ಮಣ್ಣಿನ ಮಡಿಕೆಗೆ ವರ್ಗ ಮಾಡಿ.

ಇದಕ್ಕಿಂತಲೂ ಮುಖ್ಯ ಒಂದಿದೆ. ಇನ್ಸುಲಿನ್ ಚುಚ್ಚಿ ಆಮೇಲೆ ಅಡುಗೆ ತಡವಾದರೆ ಸಕ್ಕರೆ ಇಳಿದುಬಿಡುತ್ತೆ. ಗ್ಯಾಸ್ ಇಲ್ಲದ ದಿನ ಇದು ಆಗೋದು. ಊಟ ಕೈಗೆ ಬಂದ ಮೇಲೆ ಇಂಜೆಕ್ಷನ್ ಯಾವಾಗ ಅಂತ ನಿಮ್ಮ ಡಾಕ್ಟರ್ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ. ಮಾವನ ಕೈಗೆ ಎಟುಕುವ ಹಾಗೆ ಗ್ಲೂಕೋಸ್ ಪುಡಿ ಇಲ್ಲಾ ಸಕ್ಕರೆ ಡಬ್ಬಿ ಇರಲಿ. ಬೆವರು, ನಡುಕ, ಮಾತು ತೊದಲೋದು ಕಂಡರೆ ತಕ್ಷಣ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ಮಕ್ಕಳಿಗೆ ಓಆರ್‌ಎಸ್ ಪೊಟ್ಟಣ ನಾಲ್ಕು ಇಡಿ. ಅದು ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಜಾಸ್ತಿ ಆಗಬಾರದು.

ಮಲಪ್ರಭೆ ದಂಡೆಯವ, ರೋಣ ತಾಲ್ಲೂಕು

2019ರ ಆಗಸ್ಟ್‌ನಲ್ಲಿ ನವಿಲುತೀರ್ಥದಿಂದ ನೀರು ಬಿಟ್ಟು, ಈ ಕಡೆಯಿಂದ ಬೆಣ್ಣೆಹಳ್ಳವೂ ತುಂಬಿ ಬಂದಾಗ ಹೊಳೆಆಲೂರು, ಮೆಣಸಗಿ ಕಡೆಯ ಊರುಗಳಿಗೆ ನೀರು ಹೊಕ್ಕಿತು. ನರಗುಂದ ತಾಲ್ಲೂಕಿನ ಕೊಣ್ಣೂರಿನಲ್ಲೂ ಹಾಗೇ ಆಯಿತು. ಆಗ ನಾವು ಊರು ಬಿಟ್ಟು ಶಾಲೆಯಲ್ಲಿ ಇದ್ದವರು.

ನೀವು ಕೇಳಿದ್ದು ಮನೆಯಲ್ಲಿ ಏನು ಇರಬೇಕು ಅಂತ. ಮನೆ ಬಿಡಬೇಕಾಗಿ ಬಂದರೆ ಏನು ಅಂತಾನೂ ಯೋಚಿಸಿ. ನಮ್ಮೂರಲ್ಲಿ ಜನ ಟಿವಿ, ಟ್ರಂಕು ಎತ್ತೋಕೆ ಹೋಗಿ ಹೊತ್ತು ಕಳೆದರು. ಪಹಣಿ, ಪಾಸ್‌ಬುಕ್, ಆಧಾರ್, ಮಕ್ಕಳ ಮಾರ್ಕ್ಸ್‌ಕಾರ್ಡ್ ಎಲ್ಲಾ ನೀರಿನಲ್ಲಿ ನೆನೆದು ಮುದ್ದೆಯಾದವು. ಆಮೇಲೆ ಪರಿಹಾರಕ್ಕೆ ಅರ್ಜಿ ಹಾಕುವಾಗ ಕೇಳಿದ್ದು ಅವನ್ನೇ. ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ಪತ್ರ, ಒಂದಿಷ್ಟು ನೋಟು ಹಾಕಿ ಬಾಗಿಲ ಮೊಳೆಗೆ ನೇತುಹಾಕಿ. ನೂರು, ಐವತ್ತರ ನೋಟುಗಳೇ ಇರಲಿ. ಐನೂರಕ್ಕೆ ಅಂಥ ಹೊತ್ತಿನಲ್ಲಿ ಯಾರೂ ಚಿಲ್ಲರೆ ಕೊಡಲ್ಲ.

ಊಟದ ವಿಷಯಕ್ಕೆ ಬಂದರೆ ನಮ್ಮ ಕಡೆ ತಿನಿಸೇ ಇಂಥ ಕಾಲಕ್ಕೆ ಆಗಿಬರುತ್ತೆ. ಶಾಲೆಗೆ ಮೊದಲು ಬಂದಿದ್ದು ರೊಟ್ಟಿ. ಸುತ್ತಲಿನ ಊರುಗಳ ಹೆಣ್ಣುಮಕ್ಕಳು ಮನೆಮನೆಯಿಂದ ಒಟ್ಟು ಮಾಡಿ, ಬಿಳಿ ಪಂಚೆಯಲ್ಲಿ ಗಂಟು ಕಟ್ಟಿ ಟ್ರ್ಯಾಕ್ಟರ್‌ನಲ್ಲಿ ಕಳಿಸಿದ್ದರು. ಗಂಟು ಬಿಚ್ಚಿದರೆ ಕಟಕ್ ರೊಟ್ಟಿ ಅಡಕಿ, ನಡುವೆ ಪೇಪರಿನಲ್ಲಿ ಸುತ್ತಿದ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಕೆಲವು ರೊಟ್ಟಿ ಒಡೆದು ಚೂರಾಗಿದ್ದವು, ಅದನ್ನೂ ಮಕ್ಕಳು ಬಾಚಿಕೊಂಡು ತಿಂದರು. ಬೆಂಕಿ ಬೇಡ, ನೀರು ಬೇಡ. ಚೆನ್ನಾಗಿ ಒಣಗಿಸಿದ ಕಟಕ್ ರೊಟ್ಟಿ ವಾರಗಟ್ಟಲೆ ಇರುತ್ತೆ. ಮಳೆಗಾಲದಲ್ಲಿ ಮೆತ್ತಗಾಗದ ಹಾಗೆ ಬಿಗಿ ಡಬ್ಬಿಯಲ್ಲಿಡಬೇಕು. ಜೊತೆಗೆ ಅವಲಕ್ಕಿ, ಪುಟಾಣಿ, ಬೆಲ್ಲ, ಶೇಂಗಾ ಇದ್ದರೆ ನಾಲ್ಕು ದಿನ ಒಲೆ ಹಚ್ಚದೆ ಕಳೆಯಬಹುದು. ಮಾವನಿಗೆ ಬೆಲ್ಲ ಬೇಡ, ಗೊತ್ತಿದೆ.

ಸಹಾಯ ಕಳಿಸುವವರಿಗೂ ಒಂದು ಮಾತು. ನಮಗೆ ಹಳೇ ಸೀರೆ ರಾಶಿರಾಶಿ ಬಂದವು. ಹೆಣ್ಣುಮಕ್ಕಳಿಗೆ ಬೇಕಿದ್ದ ಪ್ಯಾಡ್, ಒಳ ಉಡುಪು, ಕಡ್ಡಿಪೆಟ್ಟಿಗೆ, ಟಾರ್ಚ್ ಬರಲಿಲ್ಲ. ದನಗಳಿಗೆ ಮೇವೂ ಇರಲಿಲ್ಲ. ಕಣ್ಣೆದುರೇ ಎಮ್ಮೆ ಹಸಿದು ಒದರುತ್ತಿದ್ದರೆ ಯಾರಿಗೆ ರೊಟ್ಟಿ ಇಳಿಯುತ್ತೆ ಹೇಳಿ.

ಕಿರಾಣಿ, ರಾಣೆಬೆನ್ನೂರು

ಎಲ್ಲಾ ಸರಿ, ಆದರೆ ನನ್ನ ಪ್ರಕಾರ ವರ್ಷದ ಕಾಳು ಮನೆಯಲ್ಲಿ ಇರಬೇಕು. ನಮ್ಮ ಹಿರಿಯರು ಹಗೇವಿನಲ್ಲಿ, ಅಂದರೆ ನೆಲದಲ್ಲಿ ತೋಡಿದ ಕಾಳಿನ ಗುಂಡಿಯಲ್ಲಿ, ಜೋಳ ತುಂಬಿ ಮಣ್ಣು ಮುಚ್ಚುತ್ತಿದ್ದರು, ಬರಗಾಲ ಬಂದರೂ ಅನ್ನಕ್ಕೆ ಕೊರತೆ ಇರಲಿಲ್ಲ. ಈಗಿನವರು ವಾರ ವಾರ ಪ್ಯಾಕೆಟ್ ತರುತ್ತಾರೆ, ಎರಡು ದಿನ ಅಂಗಡಿ ಮುಚ್ಚಿದರೆ ಒದ್ದಾಡುತ್ತಾರೆ.

ಮಲಪ್ರಭೆ ದಂಡೆಯವ, ರೋಣ ತಾಲ್ಲೂಕು

ಅಣ್ಣ, ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಆರು ಜನಕ್ಕೆ ವರ್ಷದ ಕಾಳು ಎಲ್ಲಿ ಇಡುತ್ತಾರೆ? ಹಗೇವು ಅಂದರೆ ಊರಿನ ಎತ್ತರದ ಜಾಗದಲ್ಲಿ, ಹುಲ್ಲು ಹೊದಿಸಿ, ತಿಳಿದವರು ಮಾಡೋ ಕೆಲಸ. ತೆಗೆಯುವಾಗಲೂ ಒಂದಿಡೀ ದಿನ ಬಾಯಿ ತೆರೆದಿಟ್ಟು, ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಒಳಗಿಳಿಯುತ್ತಿದ್ದರು. ಒಳಗಿನ ಕೆಟ್ಟ ಗಾಳಿಗೆ ಜೀವ ಹೋದವರಿದ್ದಾರೆ. ಪೇಟೆಯ ಮನೆಯಲ್ಲಿ ಮೂಟೆ ತಂದಿಟ್ಟರೆ ಮಳೆಗಾಲಕ್ಕೆ ನುಸಿ ಹಿಡಿಯುತ್ತೆ. ಹದಿನೈದು ದಿನದ್ದು ಸಾಕು.

ಮತ್ತೆ ಎಲ್ಲರೂ ಒಟ್ಟಿಗೇ ತುಂಬಿಕೊಳ್ಳೋಕೆ ಹೋದರೆ ಏನಾಗುತ್ತೆ ಅಂತ ರೈತರಿಗೆ ಗೊತ್ತು. ನಿಮ್ಮ ಜಿಲ್ಲೆಯಲ್ಲೇ, 2008ರ ಜೂನ್ 10ರಂದು, ಹಾವೇರಿಯಲ್ಲಿ ಗೊಬ್ಬರ ಕೇಳೋಕೆ ಬಂದ ರೈತರ ಮೇಲೆ ಗೋಲಿಬಾರ್ ಆಯಿತು, ಜೀವ ಹೋಯಿತು. ಅವತ್ತು ಗೊಬ್ಬರದ ಕೊರತೆ ನಿಜವೇ ಇತ್ತು, ರೈತರದ್ದೇನೂ ತಪ್ಪಿಲ್ಲ. ಆದರೆ ಈಗಲೂ ಮುಂಗಾರು ಒಂದು ವಾರ ಚೆನ್ನಾಗಿ ಬಿದ್ದರೆ ಎಲ್ಲರಿಗೂ ಅದೇ ವಾರ ಯೂರಿಯಾ ಬೇಕು. ಸಿಗಲ್ವಂತೆ ಅನ್ನೋ ಮಾತು ಹಬ್ಬಿತು ಅಂದರೆ ಎರಡು ಚೀಲ ಬೇಕಾದವನು ಹತ್ತು ಎತ್ತುತ್ತಾನೆ. 45 ಕಿಲೋ ಚೀಲಕ್ಕೆ ಸರ್ಕಾರದ ದರ 266 ರೂಪಾಯಿ 50 ಪೈಸೆ, ಆಗ ಅದು ಆ ದರಕ್ಕೆ ಎಲ್ಲಿ ಸಿಗುತ್ತೆ? ಕೊನೆಗೆ ಒಂದೂ ಸಿಗದವನು ಒಂದೆಕರೆಯ ರೈತ. ಪೇಟೆಯಲ್ಲಿ ಎಣ್ಣೆ, ಸಕ್ಕರೆಗೂ ಅದೇ ಕತೆ. ದಿನಗೂಲಿಯವನು ಅವತ್ತಿನ ದುಡಿಮೆಯಲ್ಲಿ ಅವತ್ತಿನ ಎಣ್ಣೆ ತರುವವನು. ಅವನು ಬರುವ ಹೊತ್ತಿಗೆ ಅಂಗಡಿ ಖಾಲಿ ಇರಬಾರದು.

ಕಿರಾಣಿ, ರಾಣೆಬೆನ್ನೂರು

ಈ ಮಾತು ಒಪ್ಪುತ್ತೇನೆ. ಲಾಕ್‌ಡೌನ್‌ನಲ್ಲಿ ನಾನೂ ಒಬ್ಬರಿಗೆ ಎರಡು ಪ್ಯಾಕೆಟ್ ಎಣ್ಣೆ ಅಂತ ಮಿತಿ ಹಾಕಿದ್ದೆ, ಜಗಳ ಆದರೂ ಬಿಡಲಿಲ್ಲ. ಹದಿನೈದು ದಿನದ ಲೆಕ್ಕ ಸರಿ. ಆದರೆ ಅದನ್ನು ಸುದ್ದಿ ಹಬ್ಬಿದ ಮೇಲೆ ತರಬೇಡಿ, ಈಗಲೇ, ತಿಂಗಳ ಸಾಮಾನಿನ ಜೊತೆ ಸ್ವಲ್ಪ ಸ್ವಲ್ಪ ತನ್ನಿ.

ಗ್ಯಾಸ್ ಬಗ್ಗೆ ಯಾರೂ ಹೇಳಲಿಲ್ಲ. ಸಾಧ್ಯವಾದರೆ ಎರಡನೇ ಸಿಲಿಂಡರ್ ತಗೊಳ್ಳಿ, ಮೊದಲನೆಯದು ಮುಗಿದ ದಿನವೇ ಬುಕ್ ಮಾಡಿ. ಇಂಡಕ್ಷನ್ ಒಲೆ ಇದೆ ಅಂತ ಧೈರ್ಯ ಬೇಡ, ಕರೆಂಟ್ ಹೋದರೆ ಅದೂ ಇಲ್ಲ. ಇದ್ದಿಲ ಒಲೆಯನ್ನು ಬಾಗಿಲು ಹಾಕಿದ ಕೋಣೆಯಲ್ಲಿ ಯಾವ ಕಾರಣಕ್ಕೂ ಹಚ್ಚಬೇಡಿ, ಅದರ ಗಾಳಿಗೆ ವಾಸನೆಯೇ ಇರಲ್ಲ, ಮಲಗಿದವರು ಏಳುವುದಿಲ್ಲ. ಗ್ಯಾಸ್ ಸೋರಿದರೆ ಕರೆ ಮಾಡೋ ನಂಬರ್ 1906. ಕರೆಂಟ್ ದೂರಿಗೆ 1912. ಎರಡನ್ನೂ ಗೋಡೆ ಮೇಲೆ ಬರೆದಿಡಿ.

ಎರಡನೇ ಮಹಡಿ, ವಿದ್ಯಾನಗರ

ಎಲ್ಲರಿಗೂ ತುಂಬಾ ಧನ್ಯವಾದ. ಮಾವನಿಗೆ ಎಲ್ಲಾ ಓದಿ ಹೇಳಿದೆ. ಅವರೇ ಕೂತು ತಮ್ಮ ಔಷಧಿ ಹಾಳೆ ಬರೆದರು. ಕ್ಯಾನ್ ನಾಲ್ಕು ತಂದಿದ್ದೇವೆ. ಮನೆಯಲ್ಲಿದ್ದ ಹಳೇ ರೇಡಿಯೋಗೆ ಸೆಲ್ ಹಾಕಿದರು ಯಜಮಾನರು, ಧಾರವಾಡ ಆಕಾಶವಾಣಿ ಚೆನ್ನಾಗಿ ಹಿಡಿಯುತ್ತೆ. ನೆಟ್‌ವರ್ಕ್ ಹೋದಾಗ ಸುದ್ದಿಗೆ ಅದೇ ಸಾಕು ಅನ್ನಿಸುತ್ತೆ. ಕೆಳಗಿನ ಮನೆಯಲ್ಲಿ ಒಬ್ಬರೇ ಅಜ್ಜಿ ಇದ್ದಾರೆ, ಅವರ ಮಾತ್ರೆಯ ಹಾಳೆಯ ಒಂದು ನಕಲನ್ನೂ ನಮ್ಮ ಹತ್ತಿರ ಇಟ್ಟುಕೊಂಡೆವು.

ಒಂದು ಸಂದೇಹ ಉಳಿಯಿತು. ಔಷಧಿ ಅಂಗಡಿಯವರು ಮಡಿಕೆ ಅಂದರಲ್ಲ, ಅದರಲ್ಲಿ ಇನ್ಸುಲಿನ್ ಇಡೋದು ಹೇಗೆ? ನೀರಿನ ಒಳಗೇ ಇಡಬೇಕಾ?

ಔಷಧಿ ಅಂಗಡಿ, ಧಾರವಾಡ

ಇಲ್ಲ, ನೀರು ತಾಗಬಾರದು. ಒಳಗೆ ಮೆರುಗು ಹಚ್ಚದ ಸಾದಾ ಮಣ್ಣಿನ ಮಡಿಕೆ ಎರಡು ಬೇಕು, ಒಂದು ದೊಡ್ಡದು, ಒಂದು ಸಣ್ಣದು. ದೊಡ್ಡದರ ತಳಕ್ಕೆ ಮರಳು ಹಾಕಿ, ಮೇಲೆ ಸಣ್ಣದನ್ನಿಡಿ, ಸುತ್ತಲಿನ ಸಂದಿಗೂ ಮರಳು ತುಂಬಿ. ಮರಳಿಗೆ ಬೆಳಿಗ್ಗೆ, ಸಂಜೆ ನೀರು ಚಿಮುಕಿಸಿ ಹಸಿ ಇರುವ ಹಾಗೆ ನೋಡಿಕೊಳ್ಳಿ. ಇನ್ಸುಲಿನ್ ಬಾಟ್ಲಿಯನ್ನು ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಸಣ್ಣ ಮಡಿಕೆಯ ಒಳಗಿಡಿ, ಮೇಲೆ ಒದ್ದೆ ಬಟ್ಟೆ ಮುಚ್ಚಿ. ಗಾಳಿಯಾಡುವ ನೆರಳಿನ ಜಾಗ ಇರಲಿ, ಕಿಟಕಿ ಹತ್ತಿರ ಆದರೆ ಒಳ್ಳೆಯದು, ಬಿಸಿಲು ಬೀಳಬಾರದು. ಫ್ರಿಜ್‌ನಷ್ಟು ತಣ್ಣಗೆ ಆಗಲ್ಲ, ಹೊರಗಿನ ಬಿಸಿಗಿಂತ ಕೆಲವು ಡಿಗ್ರಿ ಕಡಿಮೆ ಇರುತ್ತೆ. ಏಪ್ರಿಲ್, ಮೇ ಸೆಕೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತೆ. ಜಡಿಮಳೆಯಲ್ಲಿ ಗಾಳಿಯೇ ಒದ್ದೆ ಇರೋದರಿಂದ ಅಷ್ಟು ತಣಿಯಲ್ಲ, ಆದರೆ ಆಗ ನಮ್ಮೂರಲ್ಲಿ ಸೆಕೆಯೂ ಕಡಿಮೆ. ಹಾಗೆ ಇಟ್ಟ ಬಾಟ್ಲಿಯ ಮೇಲೆ ಹೊರಗೆ ತೆಗೆದ ತಾರೀಖು ಬರೆದು ಅಂಟಿಸಿ. ಬಳಸುವ ಮುಂಚೆ ಬೆಳಕಿಗೆ ಹಿಡಿದು ನೋಡಿ, ಕಾಳುಕಾಳಾಗಿ ಕಂಡರೆ ಇಲ್ಲಾ ಎಳೆ ಎಳೆ ತೇಲುತ್ತಿದ್ದರೆ ಬಳಸಬೇಡಿ, ಅಂಗಡಿಗೆ ತಂದು ತೋರಿಸಿ.